ಬೀಗ ಹಾಕಿದ ಮನೆಯ ಲೆಕ್ಕ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಬೆಳಿಗ್ಗೆ ಒಂಬತ್ತೂಕಾಲು. ಬೀಗ ಹಾಕಿದ ಮನೆಯೊಂದರ ಜಗಲಿಯ ಮೇಲೆ ನಾನೂ ಆರೋಗ್ಯ ಉಪಕೇಂದ್ರದ ಸಿಸ್ಟರೂ ಕುಳಿತಿದ್ದೆವು. ಅವರ ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಲು ನನ್ನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಓಡುತ್ತಿತ್ತು. ಆ ಮನೆಯ ಸೊಸೆಗೆ ಏಳು ತಿಂಗಳು ತುಂಬಿತ್ತು. ಹಿಂದಿನ ಸಲ ರಕ್ತದೊತ್ತಡ ತುಸು ಏರಿತ್ತು, ಪಾದ ಊದಿತ್ತು. ಈ ವಾರ ನೋಡಲೇಬೇಕೆಂದು ಸಿಸ್ಟರ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿಕೊಂಡಿದ್ದರು. ಪಕ್ಕದ ಮನೆಯ ಅಜ್ಜಿ ತೆಲುಗಿನಲ್ಲಿ ಹೇಳಿದ್ದು ಇಷ್ಟು: ಕೋಳಿ ಕೂಗುವ ಹೊತ್ತಿಗೇ ಟೆಂಪೊ ಬಂತು, ಟೊಮೆಟೊ ಕೀಳಲು ಹೋದಳು. ಯಾರ ತೋಟ? ಅದು ಅಜ್ಜಿಗೆ ಗೊತ್ತಿಲ್ಲ.

ಸಿಸ್ಟರ್ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರು. ಆಕೆ ಟೆಂಪೊ ಮಾಲೀಕನಿಗೆ ಮಾಡಿದಳು, ಅವನು ಕೂಲಿಯಾಳುಗಳ ಮೇಸ್ತ್ರಿಗೆ ಮಾಡಿದ. ಕೊನೆಗೆ ತೋಟದ ಗುರುತು ಸಿಕ್ಕಿತು. ಮಾವಿನ ತೋಪಿನ ನಡುವಿನ ಮಣ್ಣುದಾರಿಯಲ್ಲಿ ಸಿಸ್ಟರ್ ಸ್ಕೂಟರ್ ಓಡಿಸಿದರು, ನಾನು ಹಿಂದೆ ಕುಳಿತು ಬಿ.ಪಿ. ಯಂತ್ರದ ಚೀಲ ಹಿಡಿದುಕೊಂಡಿದ್ದೆ. ಬದುವಿನ ಮೇಲಿನ ಹೊಂಗೆ ಮರದ ನೆರಳಿನಲ್ಲಿ ಆಕೆಯನ್ನು ಕೂರಿಸಿ, ಐದು ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ಪಟ್ಟಿ ಕಟ್ಟಿ ನೋಡಿದರು. ಒತ್ತಡ ಇಳಿದಿರಲಿಲ್ಲ. ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಲೇಬೇಕೆಂದು ಆಕೆಗೂ ಹೇಳಿದರು, ಮೇಸ್ತ್ರಿಗೂ ಹೇಳಿದರು. ಮೇಸ್ತ್ರಿಗೆ ಹೇಳಿದ್ದು ತುಸು ಜೋರಾಗಿಯೇ ಇತ್ತು.

ತಪಾಸಣೆಗೆ ಹಿಡಿದದ್ದು ಹನ್ನೊಂದು ನಿಮಿಷ. ಆಕೆಯನ್ನು ಹುಡುಕಲು ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ. ನನ್ನ ನಮೂನೆಯಲ್ಲಿ 'ಗರ್ಭಿಣಿ ತಪಾಸಣೆ' ಎಂಬ ಅಂಕಣವಿತ್ತು, ಹನ್ನೊಂದು ಎಂದು ಬರೆದೆ. ಸಿಸ್ಟರ್ ಬಗ್ಗಿ ನೋಡಿದರು.

"ಮಿಕ್ಕಿದ್ದನ್ನು ಎಲ್ಲಿ ಬರೆದಿರಿ?"

"ಪ್ರಯಾಣ ಎಂದು ಒಂದು ಅಂಕಣ ಇದೆ ಸಿಸ್ಟರ್."

"ಹುಡುಕುವುದು ಪ್ರಯಾಣವೇನಮ್ಮ?" ಎಂದು ಸ್ಕೂಟರ್ ಹತ್ತಿದರು.

ನನ್ನ ಕೆಲಸ ಏನೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಹೇಳಲು ಬಂದಿಲ್ಲ. ಮುಳಬಾಗಿಲು ಕಡೆಯ ನಮ್ಮ ನೆಂಟರಿಗೆ ಅಮ್ಮ "ನರ್ಸುಗಳನ್ನು ಎಣಿಸುವ ಕೆಲಸ" ಎಂದು ಹೇಳಿ ಮುಗಿಸುತ್ತಾಳೆ. ಹೆಚ್ಚು ತಪ್ಪಿಲ್ಲ. ಒಂದು ದೇಶಕ್ಕೆ, ಒಂದು ಜಿಲ್ಲೆಗೆ, ಒಂದು ಆಸ್ಪತ್ರೆಗೆ ಎಷ್ಟು ವೈದ್ಯರು, ಎಷ್ಟು ನರ್ಸುಗಳು, ಎಷ್ಟು ಕ್ಷೇತ್ರ ಸಿಬ್ಬಂದಿ ಬೇಕು ಎಂದು ಲೆಕ್ಕ ಹಾಕುವುದೇ ನಾನು ಓದಿದ ವಿಷಯ. ಓದುವಾಗ ಎದುರಾದದ್ದೆಲ್ಲ ದೊಡ್ಡ ಅಂಕಿಗಳು. ವಿಶ್ವ ಆರೋಗ್ಯ ಸಂಸ್ಥೆ 2006ರ ವರದಿಯಲ್ಲಿ 1000 ಜನಕ್ಕೆ ವೈದ್ಯರು, ನರ್ಸುಗಳು, ತರಬೇತಿ ಪಡೆದ ಸೂಲಗಿತ್ತಿಯರು ಸೇರಿ 2.28 ಮಂದಿಯಾದರೂ ಇರಬೇಕೆಂದು ಗೆರೆ ಎಳೆಯಿತು. ಆ ಗೆರೆಯ ಕೆಳಗೆ 57 ದೇಶಗಳು ಬಿದ್ದವು, ಭಾರತವೂ ಅದರಲ್ಲಿ ಒಂದು. ನೂರಕ್ಕೆ 80 ಹೆರಿಗೆಗಳಾದರೂ ತರಬೇತಿ ಪಡೆದವರ ಕೈಯಲ್ಲಿ ಆಗಬೇಕಾದರೆ ಎಷ್ಟು ಜನ ಬೇಕು ಎಂಬುದರಿಂದ ಆ 2.28 ಹುಟ್ಟಿತ್ತು. 2016ರ ಜಾಗತಿಕ ಕಾರ್ಯತಂತ್ರದಲ್ಲಿ ಹೆರಿಗೆ ಒಂದನ್ನೇ ನೋಡದೆ ಹನ್ನೆರಡು ಸೂಚಕಗಳನ್ನು ಹಿಡಿದು ಅದನ್ನು 4.45ಕ್ಕೆ ಏರಿಸಿದರು. 2030ರ ಹೊತ್ತಿಗೆ ಜಗತ್ತಿಗೆ 1 ಕೋಟಿ 80 ಲಕ್ಷ ಆರೋಗ್ಯ ಸಿಬ್ಬಂದಿ ಕಡಿಮೆ ಬೀಳುತ್ತಾರೆ ಎಂಬ ಅಂದಾಜೂ ಆಗಲೇ ಬಂತು. ಮುಂದೆ ಅದನ್ನು 1 ಕೋಟಿಯ ಆಸುಪಾಸಿಗೆ ಇಳಿಸಿದರು. ಎಂಬತ್ತು ಲಕ್ಷ ಜನ ಕಾಗದದ ಮೇಲೆ ಹೀಗೆ ಬಂದು ಹಾಗೆ ಹೋಗುವುದನ್ನು ನೋಡಿ ಅಭ್ಯಾಸವಾದವಳು ನಾನು. ಆದರೆ ಒಬ್ಬ ಸಿಸ್ಟರ್ ದಿನವಿಡೀ ಏನು ಮಾಡುತ್ತಾರೆ ಎಂಬುದನ್ನು ಒಂದು ದಿನವೂ ಪಕ್ಕದಲ್ಲಿ ಕುಳಿತು ನೋಡಿರಲಿಲ್ಲ.

ನಮ್ಮ ದೇಶದಲ್ಲಿ ಹುದ್ದೆಗಳನ್ನು ಜನಸಂಖ್ಯೆಯ ಮೇಲೆ ಹಂಚುವುದು ರೂಢಿ. 1946ರ ಭೋರ್ ಸಮಿತಿ 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದಿತ್ತು. ಈಗ ಬಯಲು ಸೀಮೆಯಲ್ಲಿ 30,000ಕ್ಕೆ ಒಂದು ಕೇಂದ್ರ, 5,000ಕ್ಕೆ ಒಂದು ಉಪಕೇಂದ್ರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಮತ್ತು 3,000. ಇದರಲ್ಲಿರುವ ತೊಡಕನ್ನು ಮದುವೆ ಮನೆಯ ಅಡುಗೆ ಭಟ್ಟರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಐನೂರು ಎಲೆ ಎಂದರೆ ಎಷ್ಟು ಕೈ ಬೇಕು ಎಂದು ಕೇಳಿ ನೋಡಿ, "ಹೋಳಿಗೆಯೋ ಚಿತ್ರಾನ್ನವೋ?" ಎಂದು ಅವರು ತಿರುಗಿ ಕೇಳುತ್ತಾರೆ. ಎಲೆಯ ಲೆಕ್ಕ ಬಿಟ್ಟು ಹೋಳಿಗೆಯ ಲೆಕ್ಕ ಹಾಕುವ, ಅಂದರೆ ಜನಸಂಖ್ಯೆಯ ಬದಲು ಕೆಲಸದ ಹೊರೆ ನೋಡುವ ವಿಧಾನವೊಂದು ನಮ್ಮ ಕ್ಷೇತ್ರದಲ್ಲೂ ಇದೆ. ಪೀಟರ್ ಶಿಪ್ ಎಂಬುವರು ರೂಪಿಸಿದ ಆ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಹೊರತಂದಿತು, 2010ರಲ್ಲಿ ಪರಿಷ್ಕರಿಸಿ ಜೊತೆಗೊಂದು ತಂತ್ರಾಂಶವನ್ನೂ ಕೊಟ್ಟಿತು. ನಾವು ಅದನ್ನು ಅದರ ಇಂಗ್ಲಿಷ್ ಮೊದಲಕ್ಷರಗಳಿಂದ 'ವಿಸ್ನ್' ಎಂದು ಕರೆಯುತ್ತೇವೆ. ಉಗಾಂಡಾ, ನಮೀಬಿಯಾ, ಇಂಡೋನೇಷ್ಯಾಗಳಲ್ಲಿ ಬಳಸಿದ್ದಾರೆ. ನನ್ನ ಊರಿನ ಜಿಲ್ಲೆಯಲ್ಲೇ ಕೆಲವು ಉಪಕೇಂದ್ರಗಳಲ್ಲಿ ಮಾಡಿ ನೋಡಬೇಕೆಂದು ಪ್ರಸ್ತಾವ ಬರೆದೆ.

ಬರೆದ ಪ್ರಸ್ತಾವ ಹೊಲಕ್ಕೆ ಇಳಿಯುವ ಹೊತ್ತಿಗೆ ಒಂದು ಬೆಳೆ ತೆಗೆಯಬಹುದಿತ್ತು. ನೈತಿಕ ಸಮಿತಿಯ ಒಪ್ಪಿಗೆ ಬೇಗ ಬಂತು. ಅನುಮತಿ ಪತ್ರ ಮಾತ್ರ ಒಂದು ಕಚೇರಿಯ ಟಪಾಲು ಮೇಜಿನಿಂದ ಇನ್ನೊಂದು ಕಚೇರಿಯ ಟಪಾಲು ಮೇಜಿಗೆ ಓಡಾಡಿತು. ಒಮ್ಮೆ 'ಸೂಕ್ತ ಮಾರ್ಗದ ಮೂಲಕ ಸಲ್ಲಿಸುವುದು' ಎಂದು ಮರಳಿತು, ಇನ್ನೊಮ್ಮೆ ಲಗತ್ತು ಎರಡು ಇಲ್ಲವೆಂದು ಮರಳಿತು. ಲಗತ್ತು ಎರಡು ಅಲ್ಲೇ ಇತ್ತು, ಲಗತ್ತು ಒಂದರ ಹಿಂದೆ ಪಿನ್ ಹೊಡೆದು. ಆ ಕಚೇರಿಯಲ್ಲೂ ಮೂವರ ಕೆಲಸವನ್ನು ಒಬ್ಬರೇ ಗುಮಾಸ್ತರು ಮಾಡುತ್ತಿದ್ದರು. ಸಿಬ್ಬಂದಿ ಕೊರತೆಯ ಅಧ್ಯಯನದ ಕಡತ ಸಿಬ್ಬಂದಿ ಕೊರತೆಯಿಂದಲೇ ತಡವಾಗುವುದನ್ನು ಕಂಡು ನಗು ಬಂತು, ಅಲ್ಲಿ ನಗುವ ಧೈರ್ಯ ಬರಲಿಲ್ಲ.

ಲೆಕ್ಕದ ಮೊದಲ ಮೆಟ್ಟಿಲು ಒಬ್ಬರ ಬಳಿ ವರ್ಷಕ್ಕೆ ಎಷ್ಟು ಕೆಲಸದ ಹೊತ್ತು ಇದೆ ಎಂದು ಕಂಡುಕೊಳ್ಳುವುದು. 52 ವಾರ, ವಾರಕ್ಕೆ 6 ದಿನ, 312 ದಿನ. ಅದರಿಂದ ಸರ್ಕಾರಿ ರಜೆ, ಗಳಿಕೆ ರಜೆ, ಕಾಯಿಲೆಯ ರಜೆ, ತರಬೇತಿ ದಿನಗಳನ್ನು ಕಳೆಯಬೇಕು. ಕೈಪಿಡಿಯಲ್ಲಿ ಇದು ಅರ್ಧ ಪುಟದ ಕೆಲಸ. ರಜೆಯ ಪಟ್ಟಿ ಹಿಡಿದು ಕೂತಾಗ ಸಿಸ್ಟರ್ ನಕ್ಕರು. ನಿಯಮದ ರಜೆ ಒಂದು, ಅವರು ನಿಜವಾಗಿ ತೆಗೆದುಕೊಂಡ ರಜೆ ಇನ್ನೊಂದು. ಹಬ್ಬದ ದಿನ ಪೋಲಿಯೊ ಸಿದ್ಧತೆ, ಭಾನುವಾರ ಬೂತ್, ಮಗಳ ಪರೀಕ್ಷೆಯ ವಾರದಲ್ಲೇ ತರಬೇತಿ. ಯಾವುದನ್ನು ಕಳೆಯಲಿ? ನಿಜವಾಗಿ ತೆಗೆದುಕೊಂಡ ಅಲ್ಪ ರಜೆಯನ್ನು ಮಾತ್ರ ಕಳೆದರೆ ಅವರ ಬಳಿ ಹೊತ್ತು ಬೇಕಾದಷ್ಟು ಇದೆ ಎಂದು ಬರುತ್ತದೆ, ಕೊರತೆ ಕಡಿಮೆಯಾಗಿ ಕಾಣುತ್ತದೆ. ರಜೆ ಬಿಟ್ಟು ದುಡಿದವರಿಗೆ ಲೆಕ್ಕ ಕೊಡುವ ಬಹುಮಾನ ಇದು. ನಾನು ನಿಯಮದ ರಜೆಯನ್ನೇ ಪೂರ್ತಿ ಕಳೆದೆ. ನನ್ನ ಮಾರ್ಗದರ್ಶಕರು ಟಿಪ್ಪಣಿಯಲ್ಲಿ 'ಕಾರಣ?' ಎಂದು ಬರೆದರು. "ಕಾನೂನು ಕೊಟ್ಟ ರಜೆ" ಎಂದು ಉತ್ತರಿಸಿದೆ, ಒಪ್ಪಿದರು.

ಎರಡನೆಯ ಮೆಟ್ಟಿಲಿನಲ್ಲಿ ಜಗಳ ಕಾದಿತ್ತು. ಒಂದೊಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಲು ಎಷ್ಟು ನಿಮಿಷ ಬೇಕು ಎಂದು ಆ ಕೆಲಸ ಬಲ್ಲವರೇ ಕುಳಿತು ತೀರ್ಮಾನಿಸಬೇಕು. ಒಬ್ಬ ವೈದ್ಯಾಧಿಕಾರಿ, ಇಬ್ಬರು ಹಿರಿಯ ಸಿಸ್ಟರುಗಳು, ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ, ಒಬ್ಬ ಮೇಲ್ವಿಚಾರಕಿ, ಟೀ, ಬನ್ನು. ಗರ್ಭಿಣಿಯೊಬ್ಬರ ತಪಾಸಣೆಗೆ ಎಷ್ಟು ಹೊತ್ತು ಎಂದು ಕೇಳಿದೆ. ವೈದ್ಯರು "ಹತ್ತು ನಿಮಿಷ" ಎಂದರು. ಸಿಸ್ಟರ್ "ಮೂವತ್ತು" ಎಂದರು. ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು.

ಸಿಸ್ಟರ್ ಬೆರಳು ಮಡಚಿ ಎಣಿಸತೊಡಗಿದರು. ಬಂದವಳು ನಡೆದು ಬಂದಿರುತ್ತಾಳೆ, ಬಿ.ಪಿ. ನೋಡುವ ಮೊದಲು ಐದು ನಿಮಿಷ ಕೂರಿಸಬೇಕು. ತೂಕ ನೋಡಬೇಕು. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಬೇಕು. ಮೂತ್ರ ಪರೀಕ್ಷೆಗೆ ಶೌಚಾಲಯದ ಬೀಗದ ಕೈ ಹುಡುಕಬೇಕು. ಮಲಗಿಸಿ ಹೊಟ್ಟೆ ಮುಟ್ಟಿ ನೋಡಬೇಕು, ಮಗುವಿನ ಎದೆಬಡಿತ ಕೇಳಬೇಕು. ಕಬ್ಬಿಣದ ಮಾತ್ರೆ ಕೊಡುವುದು ಒಂದು ನಿಮಿಷ, ಹೋದ ಸಲದ ಮಾತ್ರೆ ನುಂಗಿದ್ದಾಳೋ ಇಲ್ಲವೋ ಎಂದು ಬಾಯಿ ಬಿಡಿಸುವುದು ಐದು ನಿಮಿಷ. "ನುಂಗಿದೆ ಎನ್ನುತ್ತಾರೆ ಸರ್. ಮಲ ಕಪ್ಪಗೆ ಆಗಿತ್ತೇ ಎಂದು ಕೇಳಬೇಕು. ಆಗ ತಲೆ ತಗ್ಗಿಸುತ್ತಾರೆ." ಆಮೇಲೆ ತಾಯಿ ಕಾರ್ಡಿನಲ್ಲಿ ಬರೆಯಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು.

"ಇಷ್ಟನ್ನೂ ಪ್ರತಿ ಸಲ ಮಾಡುತ್ತೀರಾ?" ಎಂದರು ವೈದ್ಯರು. ಅವರಿಗೆ ಕೆಣಕುವ ಉದ್ದೇಶವಿರಲಿಲ್ಲ.

"ಇಲ್ಲ ಸರ್. ಹೊತ್ತು ಇದ್ದರೆ ಮಾಡುತ್ತೇನೆ."

ನನ್ನ ವಿಧಾನದ ಮರ್ಮ ಆ ಉತ್ತರದಲ್ಲೇ ಇತ್ತು. ಈಗ ಹೇಗೆ ಮಾಡುತ್ತಿದ್ದಾರೆ ಎಂಬ ನಿಮಿಷ ಹಿಡಿದರೆ ಅವಸರದ ಕೆಲಸವೇ ಮಾನದಂಡವಾಗುತ್ತದೆ. ಹೇಗೆ ಮಾಡಬೇಕು ಎಂಬ ನಿಮಿಷ ಹಿಡಿದರೆ ಬೇಕಾಗುವ ಹುದ್ದೆಗಳು ಏರುತ್ತವೆ, ಮೇಲಿನವರು ನಂಬುವುದಿಲ್ಲ. ಕೈಪಿಡಿ ಹೇಳುವುದು ಎರಡನೆಯದನ್ನೇ, ಆದರೆ ಸ್ಥಳೀಯ ಪರಿಸ್ಥಿತಿಯಲ್ಲಿ ಸಾಧ್ಯವಿರುವಷ್ಟು. ನಾವು ಇಪ್ಪತ್ತೈದಕ್ಕೆ ನಿಂತೆವು. ಅದು ಹತ್ತಕ್ಕೂ ಮೂವತ್ತಕ್ಕೂ ನಡುವಿನ ರಾಜಿಯಲ್ಲ. ವೈದ್ಯರೇ ಮರುದಿನ ಬಾಗಿಲಲ್ಲಿ ನಿಂತು ಒಂದು ತಪಾಸಣೆ ನೋಡಿ ಫೋನಿನಲ್ಲಿ ಹೇಳಿದ ಅಂಕಿ ಅದು.

ನಂತರ ನೋಡುವ ಕೆಲಸ. ಮೊದಲ ಎರಡು ದಿನ ನಾನು ಕಂಡದ್ದು ಪುಸ್ತಕದಲ್ಲಿರುವ ಉಪಕೇಂದ್ರ. ನೆಲ ಒರೆಸಿತ್ತು, ಟ್ರೇ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಗಡಿಯಾರ ಹಿಡಿದು ಯಾರಾದರೂ ಕೂತರೆ ಯಾರೇ ಆಗಲಿ ಹಾಗೆಯೇ ಮಾಡುತ್ತಾರೆ. ಮೂರನೆಯ ದಿನಕ್ಕೆ ನಾನು ಹಳಬಳಾದೆ. ಸಿಸ್ಟರ್ "ಮೇಡಂ" ಬಿಟ್ಟು "ಅಮ್ಮ" ಎನ್ನತೊಡಗಿದರು, ಮುದ್ದೆ ಬಸ್ಸಾರಿನ ಡಬ್ಬಿ ಹಂಚಿಕೊಂಡೆವು, ಕೆಲಸ ತನ್ನ ನಿಜವಾದ ವೇಗಕ್ಕೆ ಇಳಿಯಿತು. ಮೊದಲೆರಡು ದಿನದ ಹಾಳೆಗಳನ್ನು ಲೆಕ್ಕದಿಂದ ತೆಗೆದೆ.

ಗುರುವಾರ ಲಸಿಕೆಯ ದಿನ. ಅಂಗನವಾಡಿಯ ಒಂದು ಮೂಲೆಯಲ್ಲಿ ಲಸಿಕೆ ಡಬ್ಬಿ, ತಾಯಂದಿರು, ಅಜ್ಜಿಯರು, ಅಳು. ಒಂದು ಮಗುವಿಗೆ ಲಸಿಕೆ ಹಾಕಲು ಎಷ್ಟು ನಿಮಿಷ ಎಂದು ಬರೆಯಲು ಹೋಗಿ ಸಿಕ್ಕಿಹಾಕಿಕೊಂಡೆ. ಚುಚ್ಚುವುದು ಕೆಲವೇ ಸೆಕೆಂಡು. ಆದರೆ ಲಸಿಕೆ ಹಾಕಿದ ಮೇಲೆ ಮಗುವನ್ನು ಅರ್ಧ ಗಂಟೆ ಅಲ್ಲೇ ಇರಿಸಿಕೊಂಡು ನೋಡಬೇಕು. ಆ ಅರ್ಧ ಗಂಟೆಯಲ್ಲಿ ಸಿಸ್ಟರ್ ಬೇರೆ ಮಕ್ಕಳಿಗೆ ಲಸಿಕೆ ಹಾಕುತ್ತಾರೆ, ಆದರೆ ಮೊದಲಿನ ಮಗುವಿನ ಮೇಲೂ ಒಂದು ಕಣ್ಣು ಇಟ್ಟಿರುತ್ತಾರೆ. ಆ ಒಂದು ಕಣ್ಣಿಗೆ ಎಷ್ಟು ನಿಮಿಷ ಕೊಡುವುದು? ತಂತ್ರಾಂಶಕ್ಕೆ ಒಬ್ಬ ಮನುಷ್ಯೆ ಒಮ್ಮೆಗೆ ಒಂದೇ ಕೆಲಸ ಮಾಡುತ್ತಾಳೆ. ಇಡೀ ಲಸಿಕಾ ಅಧಿವೇಶನವನ್ನೇ ಒಂದು ಘಟಕವಾಗಿ ಹಿಡಿದು, ಒಂದು ಅಧಿವೇಶನಕ್ಕೆ ಇಷ್ಟು ಗಂಟೆ ಎಂದು ಬರೆದು ಪಾರಾದೆ.

ಕಾಗದದ ಕೆಲಸವನ್ನು ಅಳೆಯಲು ನಾನು ಪಕ್ಕದಲ್ಲೇ ಇರಲು ಆಗುವುದಿಲ್ಲ, ಏಕೆಂದರೆ ಅದು ನಡೆಯುವುದು ಹೆಚ್ಚಾಗಿ ರಾತ್ರಿ, ಮನೆಯಲ್ಲಿ, ಟಿ.ವಿ. ಧಾರಾವಾಹಿಯ ಮುಂದೆ. ಅದಕ್ಕೆ ದಿನಚರಿ ಹಾಳೆ ಕೊಟ್ಟಿದ್ದೆ; ಅವರೇ ಬರೆದಿಡಬೇಕು. ಒಬ್ಬಳೇ ತಾಯಿಯ ವಿವರ ತಾಯಿ ಕಾರ್ಡಿನಲ್ಲಿ, ರಿಜಿಸ್ಟರಿನಲ್ಲಿ, ತಾಯಿ ಮಕ್ಕಳ ಪೋರ್ಟಲಿನಲ್ಲಿ, ಮಗು ಹುಟ್ಟಿದ ಮೇಲೆ ಲಸಿಕೆಯ ಪೋರ್ಟಲ್ ಯು-ವಿನ್‌ನಲ್ಲಿ. ಬಿ.ಪಿ., ಸಕ್ಕರೆ ಕಾಯಿಲೆಯವರದ್ದು ಇನ್ನೊಂದು ಪೋರ್ಟಲ್, ಕ್ಷಯದವರದ್ದು ನಿಕ್ಷಯ್, ಜ್ವರ ಭೇದಿಯದ್ದು ಮತ್ತೊಂದು. ನೆಟ್‌ವರ್ಕ್ ಸಿಗದಿದ್ದರೆ ಮಾಳಿಗೆ. ಒಂದು ವಾರದ ನಂತರ ಹಾಳೆಗಳು ಬಂದವು. ಸಿಸ್ಟರ್ ಪ್ರತಿ ದಿನದ ಕೊನೆಯ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಈ ಹಾಳೆ ತುಂಬಲು: 25 ನಿಮಿಷ.' ಏಳು ದಿನಕ್ಕೆ ನಾನೊಬ್ಬಳೇ ಅವರ ಮೂರು ಗಂಟೆ ತಿಂದಿದ್ದೆ. ಆ ಸಾಲನ್ನು ತೆಗೆದುಹಾಕಲೇ ಎಂದು ಒಂದು ಕ್ಷಣ ಯೋಚಿಸಿದ್ದು ನಿಜ. ತೆಗೆಯಲಿಲ್ಲ, ಹಾಳೆಯನ್ನು ಅರ್ಧಕ್ಕೆ ಇಳಿಸಿದೆ.

ಕಾಗದದ ಹೊತ್ತು ಲೆಕ್ಕದೊಳಗೆ ಹೋಗುವ ರೀತಿ ನನಗೆ ಇಂದಿಗೂ ಸೋಜಿಗ. ವರದಿ, ಸಭೆ, ದಾಸ್ತಾನು ಮುಂತಾದ ಪೂರಕ ಕೆಲಸಗಳು ಒಟ್ಟು ಹೊತ್ತಿನಲ್ಲಿ ಶೇಕಡಾ ಎಷ್ಟು ಎಂದು ನೋಡಿ, ಅದನ್ನು ಒಂದರಿಂದ ಕಳೆದು, ಉಳಿದದ್ದರಿಂದ ಒಂದನ್ನು ಭಾಗಿಸಬೇಕು. ಶೇಕಡಾ 20 ಹೋದರೆ ಸೇವೆಗೆ ಒಬ್ಬರು ಬೇಕಿದ್ದ ಕಡೆ ಒಂದೂಕಾಲು ಜನ ಬೇಕು. ಅರ್ಧ ಹೋದರೆ ಇಬ್ಬರು. ಮೂರರಲ್ಲಿ ಎರಡು ಪಾಲು ಹೋದರೆ ಮೂವರು. ಮೊದಮೊದಲು ಮೆಲ್ಲಗೆ ಏರುವ ಈ ಗೆರೆ ಆಮೇಲೆ ನಂದಿ ಬೆಟ್ಟದ ಹಾಗೆ ಕಡಿದಾಗುತ್ತದೆ. ಒಂದೊಂದು ಹೊಸ ನಮೂನೆ ಕಳಿಸುವವರೂ 'ಬರೀ ಐದು ನಿಮಿಷದ ಕೆಲಸ' ಎನ್ನುತ್ತಾರೆ. ಅವರು ಗೆರೆಯ ಬುಡದಲ್ಲಿ ನಿಂತು ಮಾತನಾಡುತ್ತಾರೆ, ಸಿಸ್ಟರ್ ಅದಾಗಲೇ ಅರ್ಧ ಬೆಟ್ಟ ಏರಿಯಾಗಿರುತ್ತದೆ.

ಇಷ್ಟರವರೆಗೆ ನನ್ನ ವಿಧಾನದ ಮೇಲೆ ನನಗೆ ನಂಬಿಕೆಯಿತ್ತು. ಅದನ್ನು ಅಲುಗಾಡಿಸಿದ್ದು ಪಕ್ಕದ ಉಪಕೇಂದ್ರ. ಅಲ್ಲಿ ಹುದ್ದೆ ಬಹಳ ಕಾಲದಿಂದ ಖಾಲಿ, ನಮ್ಮ ಸಿಸ್ಟರಿಗೇ ಹೆಚ್ಚುವರಿ ಪ್ರಭಾರ. ಮಂಗಳವಾರ ಅಲ್ಲಿಗೆ ಹೋಗಿ ಬಾಗಿಲು ತೆರೆದು, ಕಸ ಗುಡಿಸಿ, ಬಂದಷ್ಟು ಜನರನ್ನು ನೋಡಿ ಬರುತ್ತಾರೆ. ಆ ಉಪಕೇಂದ್ರದ ಹೆಸರಿನಲ್ಲಿ ದಾಖಲಾದ ವರ್ಷದ ಅಂಕಿಗಳನ್ನು ತಂತ್ರಾಂಶಕ್ಕೆ ಉಣಿಸಿದೆ. ಫಲಿತಾಂಶದಲ್ಲಿ ಅನುಪಾತ ಒಂದು ಬಂದರೆ ಹೊರೆಗೂ ಜನಕ್ಕೂ ಸಮ, ಒಂದಕ್ಕಿಂತ ಕಡಿಮೆ ಬಂದರೆ ಕೊರತೆ, ಹೆಚ್ಚಾದರೆ ಜನ ಹೆಚ್ಚು. ನಮ್ಮ ಸಿಸ್ಟರ್ ಇರುವಲ್ಲಿ ಒಂದಕ್ಕಿಂತ ಎಷ್ಟೋ ಕೆಳಗೆ ಬಂತು. ಯಾರೂ ಇಲ್ಲದಲ್ಲಿ ಬೇಕಾದ ಹುದ್ದೆಯ ಸಂಖ್ಯೆಯೇ ಅರ್ಧಕ್ಕಿಂತ ಕಡಿಮೆ ಬಂತು. ಅಂದರೆ ಅಲ್ಲಿ ಒಬ್ಬರನ್ನು ನೇಮಿಸಿದರೆ ಅವರು ಅರ್ಧ ದಿನ ಕೈಕಟ್ಟಿ ಕೂರಬೇಕು!

ರಾತ್ರಿ ಕೋಲಾರದ ನನ್ನ ಬಾಡಿಗೆ ಕೋಣೆಯಲ್ಲಿ ಮತ್ತೆ ಮತ್ತೆ ಕೂಡಿ ನೋಡಿದೆ, ಕೂಡುವುದರಲ್ಲಿ ತಪ್ಪಿರಲಿಲ್ಲ. ಲೆಕ್ಕ ತಿಂದದ್ದು ಆಗಿರುವ ಕೆಲಸವನ್ನು. ಯಾರೂ ಇಲ್ಲದ ಕಡೆ ಕೆಲಸ ಆಗುವುದಿಲ್ಲ, ಆಗದ ಕೆಲಸ ದಾಖಲಾಗುವುದಿಲ್ಲ, ದಾಖಲಾಗದ ಕೆಲಸಕ್ಕೆ ಜನ ಬೇಕಿಲ್ಲ. ಆ ಹಳ್ಳಿಗಳ ಹೆಂಗಸರು ಗರ್ಭಿಣಿಯರಾಗುವುದನ್ನೇನೂ ನಿಲ್ಲಿಸಿರಲಿಲ್ಲ. ಕೆಲವರು ದುಡ್ಡು ಕೊಟ್ಟು ಪೇಟೆಯ ಖಾಸಗಿ ಕ್ಲಿನಿಕ್ಕಿಗೆ ಹೋಗುತ್ತಿದ್ದರು, ಗಡಿಯಾಚೆ ಮದನಪಲ್ಲಿ ಕಡೆ ತವರು ಇರುವವರು ಅಲ್ಲಿಗೇ ಹೋಗಿಬಿಡುತ್ತಿದ್ದರು, ಇನ್ನು ಕೆಲವರು ಎಲ್ಲಿಗೂ ಹೋಗುತ್ತಿರಲಿಲ್ಲ. ಆಗ ಬೀಗ ಹಾಕಿದ ಮನೆಯ ಸೊಸೆಯನ್ನು ಹುಡುಕಿದ ಆ ಒಂದು ಗಂಟೆ ಹತ್ತು ನಿಮಿಷ ನೆನಪಿಗೆ ಬಂತು. ಪೋಲಿಯೊ ಸುತ್ತಿನಲ್ಲಿ ಮಕ್ಕಳೆಲ್ಲ ಹನಿ ಕುಡಿದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ 'ಪಿ' ಬರೆಯುತ್ತಾರೆ, ಬೀಗ ಹಾಕಿದ ಅಥವಾ ಮಗು ಸಿಗದ ಮನೆಗೆ 'ಎಕ್ಸ್'. ಎಕ್ಸ್ ಮನೆಗೆ ಮತ್ತೆ ಹೋಗಲೇಬೇಕು. ನನ್ನ ವಿಧಾನಕ್ಕೆ ಪಿ ಮನೆಗಳು ಮಾತ್ರ ಕಾಣುತ್ತಿದ್ದವು.

ಕೈಪಿಡಿ ಬರೆದವರಿಗೆ ಈ ತೊಡಕು ತಿಳಿಯದ್ದಲ್ಲ. ದಾಖಲೆಯ ಗುಣ ಹೇಗೋ ಫಲಿತಾಂಶವೂ ಹಾಗೆ ಎಂದು ಅವರೇ ಎಚ್ಚರಿಸಿದ್ದಾರೆ. ನಾನೇ ಆ ಪುಟವನ್ನು ಬೇಗ ದಾಟಿದ್ದೆ. ಆಗಿರುವ ಕೆಲಸದ ಬದಲು ಆಗಬೇಕಾದ ಕೆಲಸ ಹಿಡಿದು ಮತ್ತೆ ಲೆಕ್ಕ ಹಾಕಿದೆ. ಇದನ್ನು ಸಿಸ್ಟರುಗಳು ತರಬೇತಿಯಲ್ಲೇ ಕಲಿತಿರುತ್ತಾರೆ. ಜನನ ಪ್ರಮಾಣ 1000ಕ್ಕೆ 16 ಎಂದುಕೊಂಡರೆ 5,000 ಜನರಲ್ಲಿ ವರ್ಷಕ್ಕೆ 80 ಹೆರಿಗೆ, ನಿಲ್ಲದ ಗರ್ಭಗಳಿಗೆಂದು ಹತ್ತರಲ್ಲಿ ಒಂದು ಪಾಲು ಸೇರಿಸಿದರೆ 88 ಗರ್ಭಿಣಿಯರು, ಒಬ್ಬೊಬ್ಬರಿಗೆ ಕಡಿಮೆ ಎಂದರೂ 4 ತಪಾಸಣೆ. ಮಕ್ಕಳದ್ದೂ ಹೀಗೆಯೇ. ಬಿ.ಪಿ., ಸಕ್ಕರೆ ಕಾಯಿಲೆಗೆ 30 ದಾಟಿದವರೆಲ್ಲರನ್ನೂ ಸೇರಿಸಿಕೊಂಡೆ, ಏಕೆಂದರೆ ಮನೆಮನೆಗೆ ಹೋಗಿ ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಮೊದಲು ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಈಗ ಖಾಲಿ ಉಪಕೇಂದ್ರಕ್ಕೆ ಒಂದಕ್ಕಿಂತ ಹೆಚ್ಚು ಜನ ಬೇಕೆಂದು ಬಂತು. ಎರಡು ಲೆಕ್ಕಗಳನ್ನೂ ವರದಿಯಲ್ಲಿ ಅಕ್ಕಪಕ್ಕ ಇಟ್ಟೆ. ಬೀಗ ಹಾಕಿದ ಮನೆಗೆ ಮಾತ್ರ ಎರಡರಲ್ಲೂ ಜಾಗವಿರಲಿಲ್ಲ.

ನಡುವೆ ಇನ್ನೊಂದು ಸಂಗತಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆಯ ಮೇಲಿದ್ದ ಶುಶ್ರೂಷಾಧಿಕಾರಿ ಹುಡುಗಿ ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಏನೋ ಗೊಣಗುತ್ತಿದ್ದಳು. ಜಪವೇನೋ ಎಂದುಕೊಂಡಿದ್ದೆ. ಜರ್ಮನ್ ಭಾಷೆ! ಜರ್ಮನಿಗೆ ಕೆಲಸಕ್ಕೆ ಹೋಗಲು ಆ ಭಾಷೆಯ ಬಿ1 ಮಟ್ಟದ ಪರೀಕ್ಷೆಗೆ ಓದುತ್ತಿದ್ದಳು. ಬೇರೆ ದೇಶದ ಆರೋಗ್ಯ ಸಿಬ್ಬಂದಿಯನ್ನು ಸೆಳೆಯುವಾಗ ಪಾಲಿಸಬೇಕಾದ ನೀತಿ ಸಂಹಿತೆಯೊಂದನ್ನು ವಿಶ್ವ ಆರೋಗ್ಯ ಸಭೆ 2010ರ ಮೇ ತಿಂಗಳಲ್ಲಿ ಒಪ್ಪಿಕೊಂಡಿದೆ. 2023ರಲ್ಲಿ ಕೊರತೆ ಇರುವ 55 ದೇಶಗಳ ಪಟ್ಟಿ ಮಾಡಿ, ಅಲ್ಲಿನ ಸಿಬ್ಬಂದಿಯನ್ನು ಸೆಳೆಯದಂತೆ ವಿಶೇಷ ರಕ್ಷಣೆ ಬೇಕೆಂದರು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಇದನ್ನೆಲ್ಲ ಆಕೆಗೆ ಹೇಳಿದೆ, ಏಕೆ ಹೇಳಿದೆನೋ ತಿಳಿಯದು.

"ಹಾಗಾದರೆ ನಾನು ಹೋಗಬಹುದು ತಾನೇ ಅಕ್ಕ?" ಎಂದಳು.

ಹೋಗಬಹುದು. ತಂಗಿಯ ಓದಿನ ಸಾಲ, ವರ್ಷವರ್ಷವೂ ನವೀಕರಣಕ್ಕೆ ಕಾಯುವ ಗುತ್ತಿಗೆ, ಇವುಗಳನ್ನು ಆಕೆ ನನಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಳು. ನನ್ನ ಕೋಷ್ಟಕದಲ್ಲಿ ಆ ಕೇಂದ್ರದ 'ಹಾಲಿ ಸಿಬ್ಬಂದಿ' ಅಂಕಣದಲ್ಲಿ ಇನ್ನೂ ಆಕೆಯನ್ನು ಸೇರಿಸಿಯೇ ಎಣಿಸಿದ್ದೇನೆ.

ಫಲಿತಾಂಶ ಹೇಳುವ ಸಭೆಗೆ ನನಗೆ ಕೊಟ್ಟದ್ದು ಹದಿನೈದು ನಿಮಿಷ, ದಕ್ಕಿದ್ದು ಒಂಬತ್ತು. ಹಿರಿಯ ಅಧಿಕಾರಿಯೊಬ್ಬರು ಗಮನವಿಟ್ಟು ಕೇಳಿದರು, ಆಮೇಲೆ ಸರಳವಾದ ಒಂದು ಪ್ರಶ್ನೆ ಹಾಕಿದರು. "ಆ ಉಪಕೇಂದ್ರದಲ್ಲಿ ಲಸಿಕೆಯ ಗುರಿ ಪೂರ್ತಿ ಮುಟ್ಟಿದೆ. ಕೆಲಸ ಆಗುತ್ತಿದೆಯಲ್ಲ, ಮತ್ತೆ ಕೊರತೆ ಎಲ್ಲಿ?" ಎಷ್ಟೋ ಪುಟ ಬರೆದವಳಿಗೆ ಉತ್ತರ ಬಾಯಿಗೆ ಬರಲಿಲ್ಲ. ಹಿಂದಿನ ಸಾಲಿನಿಂದ ಆ ಕನ್ನಡಕದ ವೈದ್ಯರು ಎದ್ದು, "ಸರ್, ಆ ಗುರಿ ಮುಟ್ಟಿದ್ದು ಎಷ್ಟು ಗಂಟೆಗೆ ಎಂದು ನೋಡಿ, ಪೋರ್ಟಲಿನಲ್ಲಿ ಸಮಯ ಬಿದ್ದಿರುತ್ತದೆ" ಎಂದರು. ರಾತ್ರಿ ಹತ್ತೂವರೆ, ಹನ್ನೊಂದು. ಅಧಿಕಾರಿ ಬರೆದುಕೊಂಡರು. ಆ ಸಭೆಯಿಂದ ಬಂದ ಫಲವೆಂದರೆ, ಪೋರ್ಟಲಿಗೆ ಹಾಕಿದ ವಾರವಾರದ ವರದಿಯೊಂದನ್ನೇ ಮತ್ತೆ ಕಾಗದದಲ್ಲೂ ತಂದುಕೊಡುವುದು ನಿಂತಿತು. ವಾರಕ್ಕೆ ಮುಕ್ಕಾಲು ಗಂಟೆ ಉಳಿಯಿತು ಎಂದು ಸಿಸ್ಟರ್ ಲೆಕ್ಕ ಹೇಳಿದರು. ಖಾಲಿ ಹುದ್ದೆ ಇನ್ನೂ ಖಾಲಿಯೇ.

ಬೆಂಗಳೂರಿಗೆ ಮರಳಿ ಕೆಲವು ತಿಂಗಳಾದ ಮೇಲೆ, ಅವರೆಕಾಯಿ ಕಾಲದಲ್ಲಿ, ಸಿಸ್ಟರಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಬಂತು. ರಿಜಿಸ್ಟರಿನ ಪುಟ. ಅಂಚಿನಲ್ಲಿ ಸ್ಕೇಲ್ ಇಟ್ಟು ತಾವೇ ಒಂದು ಗೆರೆ ಎಳೆದುಕೊಂಡು, ಕೆಂಪು ಶಾಯಿಯಲ್ಲಿ ಅಲ್ಲಲ್ಲಿ 'ಬೀ' ಎಂದು ಬರೆದಿದ್ದರು. ಕೆಲವು ಹೆಸರುಗಳ ಮುಂದೆ ಒಂದು 'ಬೀ', ಕೆಲವುದರ ಮುಂದೆ ಮೂರು. ಫೋನ್ ಮಾಡಿದೆ.

"ಬೀಗ ಅಮ್ಮ," ಎಂದರು. "ಪರಿಶೀಲನಾ ಸಭೆಯಲ್ಲಿ ಮನೆಭೇಟಿ ಯಾಕೆ ಕಡಿಮೆ ಎಂದು ಕೇಳಿದರೆ ತೋರಿಸುವುದಕ್ಕೆ ಬರೆದಿಡುತ್ತಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲಿ ಇದಕ್ಕೆ ಜಾಗ ಇದೆಯಾ?"

"ಒಂದು ಬೀಗಕ್ಕೆ ಎಷ್ಟು ನಿಮಿಷ ಎಂದು ಹಾಕಿಕೊಳ್ಳಲಿ ಸಿಸ್ಟರ್?"

"ಊರೊಳಗಾದರೆ ಹತ್ತು. ಟೊಮೆಟೊ ತೋಟಕ್ಕೆ ಹೋಗಿದ್ದರೆ ಗಂಟೆ. ಮಾವಿನ ಕಾಲದಲ್ಲಿ ಬೇರೆ ಹೇಳುತ್ತೇನೆ, ಆಗ ಇಡೀ ಬೀದಿಗೇ ಬೀಗ ಬಿದ್ದಿರುತ್ತದೆ."

ಎರಡು ಸಾಲು ಬರೆದುಕೊಂಡೆ. ಮೂರನೆಯದನ್ನು ಮಾವು ಬರುವವರೆಗೆ ಖಾಲಿ ಬಿಟ್ಟಿದ್ದೇನೆ.